ಸೋಯಾ ಹಾಲಿನಂಗಡಿಯ ಬೀಗದಕೈಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾನ್‌ಚುಂಗ್‌ನ ಹಳೆಯ ಅಪಾರ್ಟ್‌ಮೆಂಟುಗಳ ಎರಡು ಸಾಲಿನ ನಡುವೆ ಒಂದು ಹಿತ್ತಿಲ ಓಣಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು, ಅಷ್ಟು ಕಿರಿದು. ಅಲ್ಲಿ ಯೋ ಪಾವ್-ಚು ಕತ್ತೆತ್ತಿ ನಿಂತಿದ್ದಾರೆ. ಮೈಮೇಲೆ ವಾರ್ಡಿನ ಪಹರೆ ದಳದ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ, ಕೊರಳಲ್ಲಿ ಸೀಟಿ. ಕೊರಳಿಗೆ ಇರಬೇಕಾದ ಇನ್ನೊಂದು ವಸ್ತು, ಡಾಕ್ಟರು ಕೊಟ್ಟ ಪಟ್ಟಿ, ಜೇಬಿನಲ್ಲಿದೆ. ಪಟ್ಟಿ ಕಟ್ಟಿಕೊಂಡರೆ ಮೇಲೆ ನೋಡಲಾಗುವುದಿಲ್ಲ, ಇವರಿಗೆ ಮೇಲೆ ನೋಡುವುದೇ ಕೆಲಸ. ಹಾಗಾಗಿ ಓಣಿಯ ಈ ತುದಿಯಲ್ಲಿ ಬಿಚ್ಚುತ್ತಾರೆ, ಆ ತುದಿಯಲ್ಲಿ ಕಟ್ಟುತ್ತಾರೆ.

ಮೇಲೆ ಕಾಣುವುದು ಆಕಾಶವಲ್ಲ, ಕಬ್ಬಿಣ. ಒಂದೊಂದು ಮಹಡಿಯ ಹಿಂದಿನ ಬಾಲ್ಕನಿಗೂ ಒಂದೊಂದು ಕಂಬಿಯ ಗೂಡು. ಗೂಡಿನೊಳಗೆ ಬಟ್ಟೆ ಒಗೆಯುವ ಯಂತ್ರ, ಗ್ಯಾಸ್ ಸಿಲಿಂಡರು, ಒಣಗಿದ ಹೂಕುಂಡ, ಯಾರದೋ ಮಕ್ಕಳು ಬಿಟ್ಟುಹೋದ ಮೂರು ಗಾಲಿಯ ಸೈಕಲ್ಲು. ಗೂಡಿನ ಒಂದು ಮೂಲೆಯಲ್ಲಿ ಮನುಷ್ಯ ತೂರಬಹುದಾದಷ್ಟು ದೊಡ್ಡ ಕಿಂಡಿ, ಅದಕ್ಕೊಂದು ಬೀಗ. ಪಾವ್-ಚು ನೋಡುತ್ತಿರುವುದು ಆ ಬೀಗಗಳನ್ನು.

“ಕಳ್ಳ ಒಳಗೆ ಬರಬಾರದು, ಅದೊಂದು ಕೆಲಸ. ಬೆಂಕಿ ಬಿದ್ರೆ ಒಳಗಿರೋರು ಹೊರಗೆ ಬರಬೇಕು, ಅದಿನ್ನೊಂದು. ಎರಡೂ ಒಂದೇ ಕಿಂಡೀಲಿ ಆಗಬೇಕಲ್ಲ, ಅದೇ ತಲೆನೋವು,” ಅನ್ನುತ್ತಾರೆ. ಕತ್ತನ್ನು ಕೈಯಲ್ಲಿ ಒತ್ತಿಕೊಂಡು, “ಕತ್ತುನೋವೂ ಅದೇ,” ಅನ್ನುತ್ತಾರೆ.

ಅರವತ್ತು ದಾಟಿದ ಈ ಹೆಂಗಸನ್ನು ಓಣಿಯವರು ‘ಪಾವ್-ಚು ಅಕ್ಕ’ ಎಂದು ಕರೆಯುತ್ತಾರೆ. ಎದುರಿಗೆ ಹಾಗೆ. ಬೆನ್ನ ಹಿಂದೆ ‘ಬೀಗದ ಮುದುಕಿ’ ಅನ್ನುವವರೂ ಇದ್ದಾರೆ, ಅದು ಅವರಿಗೂ ಗೊತ್ತು. ಪಹರೆ ದಳದಲ್ಲಿ ಹೆಸರು ಬರೆಸಿದವರು ಬಹಳ ಮಂದಿ. ಸಂಜೆಯ ಹೊತ್ತು ಟಾರ್ಚು ಹಿಡಿದು ಗುಂಪಾಗಿ ಸುತ್ತು ಹಾಕಿ, ಫೋಟೊ ತೆಗೆಸಿಕೊಂಡು, ಟೀ ಕುಡಿದು ಮನೆಗೆ ಹೋಗುತ್ತಾರೆ. ಅದನ್ನು ಆಡಿಕೊಳ್ಳುವ ಅಗತ್ಯವಿಲ್ಲ, ಅದೂ ಬೇಕಾದದ್ದೇ. ಆದರೆ ಬೆಳಗಿನ ತಪಾಸಣೆಗೆ ಬರುವುದು ಇವರೊಬ್ಬರೇ. ಊರಿಗೆ ಹೋದವರ ಬಾಗಿಲಿಗೆ ಸಿಕ್ಕಿಸಿದ ಜಾಹೀರಾತಿನ ಚೀಟಿಗಳನ್ನು ಕಿತ್ತು ತೆಗೆಯುತ್ತಾರೆ, ಅವು ಗುಡ್ಡೆಯಾದರೆ ಮನೆ ಖಾಲಿಯೆಂದು ಕಳ್ಳನಿಗೆ ಹೇಳಿಕೊಟ್ಟಂತೆ. ಕೆಟ್ಟ ದೀಪ, ಹತ್ತಲು ಮೆಟ್ಟಿಲಾಗುವಂಥ ಏಸಿ ಪೆಟ್ಟಿಗೆ, ಮೆಟ್ಟಿಲ ಬುಡದಲ್ಲಿ ದಾರಿಗಡ್ಡ ನಿಲ್ಲಿಸಿದ ಸ್ಕೂಟರು, ಎಲ್ಲವನ್ನೂ ನೋಡಿ ಆಯಾ ಮನೆಯವರಿಗೆ ಹೇಳುತ್ತಾರೆ. ಹೇಳಿ, ಬೈಸಿಕೊಳ್ಳುತ್ತಾರೆ. ಸಂಬಳವಿಲ್ಲದ ಕೆಲಸಕ್ಕೆ ರಜೆಯೂ ಇಲ್ಲವೆಂದು ಟ್ಯಾಕ್ಸಿ ಓಡಿಸುವ ಗಂಡ ಹಂಗಿಸುತ್ತಾರಂತೆ. “ಅವರು ಹೇಳೋದು ಸರಿ. ಅದಕ್ಕೇ ಅವರು ಏಳೋಕೆ ಮುಂಚೆ ಹೊರಟುಬಿಡ್ತೀನಿ.”

ಕಂಬಿಗಳ ಪರಿಚಯ ಅವರಿಗೆ ಇಂದು ನಿನ್ನೆಯದಲ್ಲ. ಮದುವೆಗೆ ಮುಂಚೆಯೇ, ಇದೇ ಸಾನ್‌ಚುಂಗ್‌ನ ಕಂಬಿ ಕಟ್ಟುವ ಶೆಡ್ಡೊಂದರಲ್ಲಿ ಕೆಂಪು ಬಣ್ಣ ಬಳಿಯುವ ಕೆಲಸಕ್ಕೆ ಸೇರಿದ್ದರು. ಒಂದು ಮನೆಯಲ್ಲಿ ಕಳ್ಳತನವಾದರೆ ಇಡೀ ಬೀದಿಯ ಆರ್ಡರು ಶೆಡ್ಡಿಗೆ ಬರುತ್ತಿತ್ತು. ಪಕ್ಕದವರು ಕಂಬಿ ಹಾಕಿಸಿದರೆ ಕಳ್ಳ ತಮ್ಮ ಮನೆಗೆ ಬರುತ್ತಾನೆ ಎನ್ನುವ ಭಯ ಎಲ್ಲರಿಗೂ. “ಕಿಂಡಿ ಬೇಕಾ ಅಂತ ನಮ್ಮ ಮೇಸ್ತ್ರಿ ಕೇಳೋರು. ಕಿಂಡಿಗೆ ಬೇರೆ ದುಡ್ಡು. ಸುಮಾರು ಜನ ಬೇಡ ಅನ್ನೋರು. ನಾನು ಬಣ್ಣ ಬಳೀತಾ ಇರ್ತಿದ್ದೆ. ಬೆಂಕಿ ಗಿಂಕಿ ಅಂತ ಆಗ ಯಾರ ತಲೇಲೂ ಇರ್ಲಿಲ್ಲ, ನನ್ನ ತಲೇಲೂ ಇರ್ಲಿಲ್ಲ.”

ಓಣಿ ಮುಗಿಯುವಲ್ಲಿ ಚ್ಯೂ ಅವರ ತಿಂಡಿ ಅಂಗಡಿ. ಬಿಸಿ ಸೋಯಾ ಹಾಲಿನ ಆವಿ ರಸ್ತೆಯವರೆಗೆ ಬರುತ್ತಿದೆ. ಹಂಚಿನ ಮೇಲೆ ಮೂಲಂಗಿ, ಅಕ್ಕಿಹಿಟ್ಟಿನ ಬಿಲ್ಲೆಗಳು ಕೆಂಪಗಾಗುತ್ತಿವೆ. ಹಾಲಿನ ದೊಡ್ಡ ಪಾತ್ರೆಯ ಹಿಂದಿನ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದರಂತೆ ಬೀಗದಕೈ. ಮನೆಯ ಇನ್ನೊಂದು ಬೀಗದಕೈಯನ್ನು ಚ್ಯೂ ಕೈಗೆ ಕೊಟ್ಟಿಡುವುದು ಈ ಓಣಿಯ ಹಳೆಯ ರೂಢಿ. ಮಕ್ಕಳು ಶಾಲೆಯಿಂದ ಬಂದರೆ, ಪ್ಲಂಬರು ಬಂದರೆ, ಯಾರೋ ಬೀಗದಕೈ ಒಳಗೇ ಮರೆತು ಬಾಗಿಲು ಎಳೆದುಕೊಂಡರೆ, ಅಂಗಡಿಗೆ ಬಂದರಾಯಿತು. ಚ್ಯೂ ಅವರ ತಂದೆಯ ಕಾಲದಿಂದಲೂ ಅಲ್ಲಿಂದ ಒಂದು ಬೀಗದಕೈಯೂ ಕಳೆದಿಲ್ಲ. ಕಷ್ಟ ಬಂದಿದ್ದು ಆ ನಂಬಿಕೆಯಿಂದಲೇ. ಈಗ ಅಲ್ಲಿ ತೂಗುತ್ತಿರುವುದರಲ್ಲಿ ಬಹುಪಾಲು ಮುಂಬಾಗಿಲಿನದಲ್ಲ, ಹಿಂದಿನ ಕಿಂಡಿಯದು. ಹೊಗೆ ತುಂಬಿದಾಗ ಒಳಗಿನಿಂದ ಹೊರಗೆ ಬರಲು ಬೇಕಾದ ಬೀಗದಕೈ ಹೊರಗೆ, ಓಣಿಯ ತುದಿಯಲ್ಲಿ, ಸೋಯಾ ಹಾಲಿನ ಪಾತ್ರೆಯ ಹಿಂದೆ ಭದ್ರವಾಗಿದೆ.

“ಏನಕ್ಕ, ಇವತ್ತು ಯಾರ ಮನೆಯದು ಪಾರ್ಸೆಲ್?” ಚ್ಯೂ ಕೇಳುತ್ತಾರೆ.

“ನಾಲ್ಕನೇ ಮಹಡಿ ಮೇಷ್ಟ್ರದು ಕೊಡು. ಹಾಲು ಸಕ್ಕರೆ ಇಲ್ಲದ್ದು.”

“ನಿನ್ನೆ ತಾನೆ ಕೊಟ್ಟು ಬಂದ್ರಲ್ಲ! ಸಂಜೆ ಅವರ ಸೊಸೆ ಬಂದು ವಾಪಸ್ ನೇತು ಹಾಕಿ ಹೋದ್ಲು. ‘ಮನೇಲಿದ್ರೆ ಕಳ್ಳನ ಕೈಗೆ ಸಿಗತ್ತೆ’ ಅಂದ್ಲು. ನೀವು ಕೊಟ್ಟು ಬರೋದು, ಅವರು ತಂದು ಹಾಕೋದು. ನನ್ನ ಮೊಳೆ ಸವೆದು ಹೋಗ್ತಿದೆ ಅಕ್ಕ.”

“ನನ್ನ ಮಂಡಿ ಸವೀತಿರೋದು ಕಾಣಲ್ವಾ ನಿಂಗೆ?”

ಹೀಗೆ ದಿನಕ್ಕೆ ಒಂದು ಮನೆ. ಬೀಗದಕೈ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಾರೆ. ಹೊರಗಿನಿಂದ ಕೈ ಚಾಚಿದರೆ ಸಿಗದ ಹಾಗೆ, ಒಳಗಿನಿಂದ ಕತ್ತಲಲ್ಲೂ ಸಿಗುವ ಹಾಗೆ ಎಲ್ಲಿಡಬೇಕೆಂದು ತೋರಿಸುತ್ತಾರೆ. ಮನೆಯವರು ತಲೆಯಾಡಿಸುತ್ತಾರೆ, ಹಣ್ಣು ಕೊಡುತ್ತಾರೆ. ವಾರದೊಳಗೆ ಆ ಬೀಗದಕೈ ಮತ್ತೆ ಮೊಳೆಗೆ ಬಂದಿರುತ್ತದೆ. ಈ ಗೋಳು ಶುರುವಾದದ್ದು ಕಳೆದ ವಸಂತದಲ್ಲಿ, ಮೂರನೇ ಮಹಡಿಯ ತೂ ಅಜ್ಜಿಯ ಮನೆಯಲ್ಲಿ ಕಳ್ಳತನವಾದಾಗ.

ತೂ ಅಜ್ಜಿ ಓಣಿಗೆಲ್ಲ ಹಿರಿಯರು. ಅವರ ಕಿಂಡಿಗೆ ಬೀಗ ಬೇಡ, ಒಳಗಿನಿಂದ ಚಿಲಕ ಸಾಕು ಎಂದು ಒಪ್ಪಿಸಿದ್ದು ಪಾವ್-ಚು ಅವರೇ. ಅಜ್ಜಿ ಒಪ್ಪಿದ್ದನ್ನು ನೋಡಿ ಉಳಿದವರೂ ಒಪ್ಪಿದ್ದರು. ಅಜ್ಜಿಯ ಕಿಂಡಿಯಿಂದ ಎರಡನೇ ಮಹಡಿಯ ತಗಡಿನ ಮಾಡಿಗೆ ಕಾಲು ಸಿಗುತ್ತದೆ, ಅಲ್ಲಿಂದ ಹೇಗಾದರೂ ಇಳಿಯಬಹುದು. ಇಳಿಯುವ ದಾರಿಯಲ್ಲೇ ಕಳ್ಳ ಹತ್ತಿಬಂದ. ಕಂಬಿಯ ಸಂದಿಯಲ್ಲಿ ತಂತಿ ತೂರಿಸಿ ಚಿಲಕ ಸರಿಸಿದ. ಹಣ ಇರಲಿಲ್ಲ. ಮನೆಯ ಪೀಠದ ಮೇಲೆ ಕೂತಿದ್ದ, ಕಡಲಿಗೆ ಹೋದವರನ್ನು ಕಾಯುವ ಮಾಜು ದೇವಿಯ ಕೊರಳಿನ ಚಿನ್ನದ ಪದಕ ಬಿಚ್ಚಿಕೊಂಡು ಹೋದ. ಅಜ್ಜಿಯ ಗಂಡ ಮೀನು ಹಿಡಿಯಲು ಹೋಗಿ ಬಿರುಗಾಳಿಯಿಂದ ಬದುಕಿ ಬಂದಾಗ ಹರಕೆ ತೀರಿಸಿದ ಪದಕ ಅದು.

“ನನ್ನ ಕಿವಿ ಕಿತ್ಕೊಂಡು ಹೋಗಿದ್ರೂ ಇಷ್ಟು ಉರೀತಿರ್ಲಿಲ್ಲ,” ಎಂದು ಅಜ್ಜಿ ಮೆಟ್ಟಿಲ ಮೇಲೆ ನಿಂತು ಕೂಗಿದ್ದನ್ನು ಇಡೀ ಕಟ್ಟಡ ಕೇಳಿತು. “ಆ ಪಾವ್-ಚು ಹೇಳಿದ್ಲು ಅಂತ ಬೀಗ ತೆಗೆದೆ. ಅವಳಿನ್ನು ನನ್ನ ಬಾಗಿಲಿಗೆ ಬರಕೂಡದು.”

ಅಂದು ಅಜ್ಜಿ ಇನ್ನೊಂದು ಕೆಲಸವನ್ನೂ ಮಾಡಿದರು. ಮನೆಯಲ್ಲಿ ಅವರನ್ನು ನೋಡಿಕೊಳ್ಳಲು ಇಂಡೋನೇಷ್ಯಾದಿಂದ ಬಂದಿರುವ ವಾರ್ಸಿನಿ ಇದ್ದಾರೆ. ಅಜ್ಜಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಔಷಧಿ ಕೊಡುವುದು ಎಲ್ಲ ಅವರೇ. ‘ಒಳಗಿನವರು ಹೇಳದೆ ಹೊರಗಿನವನಿಗೆ ಪದಕದ ವಿಷಯ ಹೇಗೆ ಗೊತ್ತು’ ಎಂದು ಅಜ್ಜಿ ವಾರ್ಸಿನಿಯ ಚೀಲವನ್ನು ಹಾಸಿಗೆಯ ಮೇಲೆ ಸುರಿಸಿ ನೋಡಿದರು. ಮಗನ ಫೋಟೊ, ನಮಾಜಿನ ಬಿಳಿ ಬಟ್ಟೆ, ನೋವಿನ ಮುಲಾಮು. ಬೇರೇನೂ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಳ್ಳ ಇನ್ನೆಲ್ಲೋ ಸಿಕ್ಕಿಬಿದ್ದ, ಈ ಓಣಿಯ ಯಾರಿಗೂ ಅವನ ಗುರುತಿರಲಿಲ್ಲ. ಪದಕ ಅಷ್ಟರಲ್ಲಿ ಕರಗಿಹೋಗಿತ್ತು. ಅಜ್ಜಿ ವಾರ್ಸಿನಿಗೆ ಆ ವಿಷಯವಾಗಿ ಏನೂ ಹೇಳಲಿಲ್ಲ. ಕಿಂಡಿಗೆ ಮಾತ್ರ ಮುಷ್ಟಿಗಾತ್ರದ ಬೀಗ ಹಾಕಿಸಿ, ಬೀಗದಕೈಯನ್ನು ಚ್ಯೂ ಅಂಗಡಿಗೆ ಕಳುಹಿಸಿದರು. ನೋಡನೋಡುತ್ತಿದ್ದಂತೆ ಓಣಿಯೇ ಹಾಗೆ ಮಾಡಿತು.

ಪಾವ್-ಚು ಅವರ ಎದೆಯಲ್ಲಿ ಕೂತದ್ದು ಒಂದೇ ವಿಷಯ. ವಾರ್ಸಿನಿ ಮಲಗುವುದು ಹಿಂದಿನ ಕೋಣೆಯಲ್ಲಿ, ಆ ಗೂಡಿಗೆ ತಾಗಿಕೊಂಡು. “ಮೆಟ್ಟಿಲಲ್ಲಿ ಹೊಗೆ ತುಂಬಿದ್ರೆ ಅವಳಿಗೆ ಅದೊಂದೇ ದಾರಿ. ಅಜ್ಜೀನ ಬೆನ್ನಿಗೆ ಹಾಕ್ಕೊಂಡಾದ್ರೂ ಇಳೀತಾಳೆ, ಗಟ್ಟಿಗಿತ್ತಿ. ಆದ್ರೆ ಬೀಗ ಹಾಕಿರೋ ಗೂಡಲ್ಲಿ ಗಟ್ಟಿಗಿತ್ತಿಯಾಗಿ ಏನು ಮಾಡೋದು? ಅಲ್ಲಿ ಬೀಗ ಬೇಕಾ ಬೇಡ್ವಾ ಅಂತ ಅವಳನ್ನ ಯಾರೂ ಕೇಳ್ಲಿಲ್ಲ. ನಾನೂ ಮೊದಲು ಕೇಳಿರ್ಲಿಲ್ಲ.”

ಬರಕೂಡದು ಅಂದ ಮೇಲೂ ಅಜ್ಜಿಯ ಬಾಗಿಲಿಗೆ ಅವರು ಹೋಗದ ದಿನವಿರಲಿಲ್ಲ. ಗಂಟೆ ಒತ್ತುತ್ತಿದ್ದರು. ಒಳಗಿನ ಮರದ ಬಾಗಿಲು ತೆರೆಯುತ್ತಿತ್ತು, ಹೊರಗಿನ ಕಬ್ಬಿಣದ್ದು ತೆರೆಯುತ್ತಿರಲಿಲ್ಲ. ಸರಳಿನ ಹಿಂದಿನಿಂದ ವಾರ್ಸಿನಿ, “ಅಜ್ಜಿ ಮಲಗಿದಾರೆ ಅಂತ ಹೇಳು ಅಂದ್ರು,” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಬೀಗದಕೈಯನ್ನು ಸರಳಿನ ಸಂದಿಯಲ್ಲಿ ವಾರ್ಸಿನಿಯ ಕೈಗೆ ತುರುಕಿ ಬಂದುಬಿಡಬಹುದಿತ್ತಲ್ಲ ಎಂದರೆ ಪಾವ್-ಚು ಕೈ ಅಲ್ಲಾಡಿಸುತ್ತಾರೆ. “ಅಜ್ಜಿಗೆ ಗೊತ್ತಿಲ್ಲದೆ ಅವಳ ಹತ್ರ ಆ ಕೀ ಸಿಕ್ರೆ? ಒಂದ್ಸಲ ಚೀಲ ಸುರಿಸಿದ್ದು ಸಾಲ್ದಾ?”

ಈ ಬೇಸಿಗೆಯ ಕೊನೆಗೆ ಅವರಿಗೂ ಸಾಕಾಯಿತು. ವಾರ್ಡಿನ ಮುಖಂಡ ಲಾಯ್ ಅವರ ಕಚೇರಿಗೆ ಹೋಗಿ, ಈ ತಿಂಗಳು ಮುಗಿದ ಮೇಲೆ ಅಂಗಿ, ಸೀಟಿ ವಾಪಸ್ ಕೊಡುತ್ತೇನೆ ಎಂದು ಹೇಳಿಬಂದರು. ಲಾಯ್ ಕೆಟ್ಟವರಲ್ಲ. ಮುಂದಿನ ಚುನಾವಣೆಯನ್ನು ನೆನೆಸಿಕೊಂಡೇ ಮಾತಾಡುವ ಮನುಷ್ಯ, ಅಷ್ಟೆ.

“ಅಕ್ಕ, ನೀವು ಬಿಡಬೇಡಿ. ಆದ್ರೆ ಆ ಕಿಂಡಿ ವಿಷಯ ಒಂದು ಬಿಟ್ಟುಬಿಡಿ,” ಅಂದರು ಲಾಯ್. “ಕಳ್ಳ ಬಂದ್ರೆ ಜನ ನನ್ನ ಬೈತಾರೆ. ಬೆಂಕಿ ಬಿದ್ರೆ ಹಣೆಬರಹ ಬೈತಾರೆ.”

“ಹಣೆಬರಹಕ್ಕೆ ವೋಟಿಲ್ಲ, ಅಲ್ವಾ ಮುಖಂಡ್ರೇ?” ಎಂದು ಪಾವ್-ಚು ಎದ್ದು ಬಂದರು. ಆ ಮಾತು ಹೇಳಿದ್ದಕ್ಕೆ ಮನೆಗೆ ಬರುವ ದಾರಿಯುದ್ದಕ್ಕೂ ಖುಷಿಯಾಗಿತ್ತಂತೆ, ಮನೆ ತಲುಪಿದ ಮೇಲೆ ಅಳು ಬಂತಂತೆ.

ಅದಾದ ಕೆಲವೇ ದಿನಕ್ಕೆ, ಚ್ಯೂ ಆಗಷ್ಟೇ ಹಂಚು ಕಾಯಲಿಟ್ಟ ಹೊತ್ತಿನಲ್ಲಿ, ಅಜ್ಜಿಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ಚಾರ್ಜಿಗೆ ಹಾಕಿದ್ದ ಬ್ಯಾಟರಿ ಸ್ಕೂಟರು ಬುಸ್ಸೆಂದಿತು. ಬೆಂಕಿ ದೊಡ್ಡದಲ್ಲ, ಹೊಗೆ ದೊಡ್ಡದು. ಕಪ್ಪಗೆ, ಗಂಟಲು ಸೀಳುವಂಥದ್ದು, ಮೆಟ್ಟಿಲನ್ನೇ ಚಿಮಣಿ ಮಾಡಿಕೊಂಡು ಮೇಲಕ್ಕೇರಿತು. ಮೇಲಿನ ಮಹಡಿಯವರು ತಾರಸಿಗೆ ಓಡಿದರು. ಎರಡನೆಯವರು ಊರಲ್ಲಿರಲಿಲ್ಲ. ಮೂರನೆಯ ಮಹಡಿಯಲ್ಲಿ, ಮೆಟ್ಟಿಲು ಹತ್ತಲಾಗದ ಅಜ್ಜಿ ಮತ್ತು ಅವರನ್ನು ಬಿಟ್ಟು ಓಡದ ವಾರ್ಸಿನಿ.

ಚ್ಯೂ ಅಗ್ನಿಶಾಮಕದವರಿಗೆ ಫೋನು ಮಾಡುತ್ತಿದ್ದಂತೆ ಪಾವ್-ಚು ಮೊಳೆಯಿಂದ ಬೀಗದಕೈ ಕಿತ್ತುಕೊಂಡು ಹಿತ್ತಿಲ ಓಣಿಗೆ ಓಡಿದರು. ಮೇಲೆ ಗೂಡಿನಲ್ಲಿ ಇಬ್ಬರೂ ನಿಂತಿದ್ದರು, ಮೂಗಿಗೆ ಒದ್ದೆ ಬಟ್ಟೆ. ವಾರ್ಸಿನಿ ಕಂಬಿಯ ನಡುವೆ ಭುಜದವರೆಗೂ ಕೈ ಹೊರಗೆ ಚಾಚಿದ್ದರು. ಪಾವ್-ಚು ಎಸೆದರು. ಬೀಗದಕೈ ಕಂಬಿಗೆ ಟಣ್ ಎಂದು ಬಡಿದು ಕೆಳಗೆ ಬಿತ್ತು. ಮತ್ತೆ ಎಸೆದರು, ಚರಂಡಿಗೆ ಬಿತ್ತು. ಮೊಣಕೈವರೆಗೆ ಚರಂಡಿಯಲ್ಲಿ ಕೈಯಾಡಿಸಿ ತೆಗೆದು ಮತ್ತೆ ಎಸೆದರು.

“ಕೊಡಿ ಇಲ್ಲಿ, ನಾನು ಶಾಲೇಲಿ ಬೇಸ್‌ಬಾಲ್ ಪಿಚರ್!” ಎಂದು ಚ್ಯೂ ಓಡಿಬಂದು ಬೀಸಿದರು. ಅದು ನೇರ ಹೋಗಿ ಎರಡನೇ ಮಹಡಿಯ ಏಸಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟಿತು. ಕೆಳಗಿನವರಿಗೂ ಸಿಗದ, ಮೇಲಿನವರಿಗೂ ಸಿಗದ ಜಾಗ.

“ಅಕ್ಕ, ಇನ್ನೊಂದು ಕೀ ಇದೆಯಾ?” ವಾರ್ಸಿನಿ ಮೇಲಿನಿಂದ ಕೇಳಿದರು. ಕಿರುಚಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲೇ ಕೇಳಿದರು. ಆ ದನಿ ಈಗಲೂ ಕಿವಿಯಲ್ಲಿದೆ ಅನ್ನುತ್ತಾರೆ ಪಾವ್-ಚು. ಅಜ್ಜಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ವಾರ್ಸಿನಿಯ ಸೊಂಟದ ಬಟ್ಟೆ ಹಿಡಿದುಕೊಂಡು ಕೆಳಗೆ ನೋಡುತ್ತಲೇ ಇದ್ದರು.

ಅಗ್ನಿಶಾಮಕದವರು ಬೇಗ ಬಂದರು, ಅದು ಪುಣ್ಯ. ಸ್ಕೂಟರು ಬೂದಿಯಾಯಿತು, ಗೋಡೆ ಕಪ್ಪಾಯಿತು. ಅಜ್ಜಿಗೆ ಕೆಮ್ಮು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಊರಿಂದ ಬಂದ ಎರಡನೇ ಮಹಡಿಯವರು ಬಟ್ಟೆ ಒಣಹಾಕುವ ಬಿದಿರಿನಿಂದ ಆ ಬೀಗದಕೈಯನ್ನು ಎಳೆದುಕೊಂಡರು. ಇಷ್ಟೆಲ್ಲ ಆದ ಮೇಲೆ ಅದನ್ನು ಒರೆಸಿ, ತಂದು ಹಾಕಿದ್ದೆಲ್ಲಿಗೆ? ಚ್ಯೂ ಅಂಗಡಿಯ ಅದೇ ಮೊಳೆಗೆ. ಅದನ್ನು ಹೇಳುವಾಗ ಪಾವ್-ಚು ನಗುತ್ತಾರೆ, ಆದರೆ ಅಂದು ಅದನ್ನು ನೋಡಿ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಿದ್ದರಂತೆ. ಅಷ್ಟರಲ್ಲಿ ವಾರ್ಸಿನಿ ಬಂದರು.

“ಅಕ್ಕ, ಅಜ್ಜಿ ಕರೀತಿದಾರೆ. ಕೀ ತಗೊಂಡು ಬರಬೇಕಂತೆ.”

ಕಬ್ಬಿಣದ ಬಾಗಿಲು ತೆರೆದಿತ್ತು. ಅಜ್ಜಿ ಮಾಜು ದೇವಿಯ ಪೀಠದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಚಪ್ಪಲಿ ಬಿಟ್ಟು ಬಾ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ತಿಳ್ಕೋ.”

“ಇರ್ಲಿ ಬಿಡಿ ಅಜ್ಜಿ. ಕೀ ಎಲ್ಲಿಡ್ತೀರ ಹೇಳಿ.”

“ನಿನ್ನ ಮಾತು ಕೇಳಿ ಒಂದ್ಸಲ ಕೆಟ್ಟೆ. ನನ್ನ ಬುದ್ಧಿ ಕೇಳಿ ಇನ್ನೊಂದ್ಸಲ ಸಾಯ್ತಿದ್ದೆ. ಈ ಸಲ ಅಮ್ಮನ್ನೇ ಕೇಳ್ತೀನಿ.”

ದೇವರನ್ನು ಕೇಳಲು ಎರಡು ಮರದ ತುಂಡುಗಳಿರುತ್ತವೆ, ಅರ್ಧಚಂದ್ರದ ಆಕಾರದವು, ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು. ಎಸೆದಾಗ ಒಂದು ಅಂಗಾತ ಒಂದು ಬೋರಲು ಬಿದ್ದರೆ ದೇವಿ ಒಪ್ಪಿದಂತೆ. ದೊಡ್ಡ ವಿಷಯವಾದರೆ ಮೂರು ಸಲ ಬಿಡದೆ ಹಾಗೆಯೇ ಬೀಳಬೇಕು. ‘ಪದಕವಿದ್ದ ನಿನ್ನ ಕೊರಳಿಗೇ ಕಟ್ಟಲಾ?’ ಎಂದು ಅಜ್ಜಿ ಮೊದಲು ಕೇಳಿದರು. ಎರಡೂ ಅಂಗಾತ ಬಿದ್ದವು, ಅಂದರೆ ದೇವಿ ನಕ್ಕಳು, ಒಪ್ಪಲಿಲ್ಲ. ಪಾವ್-ಚು ಉಸಿರುಬಿಟ್ಟರು, ಪೀಠವಿರುವುದು ಮುಂದಿನ ಕೋಣೆಯಲ್ಲಿ, ಹೊಗೆಯಲ್ಲಿ ಅಲ್ಲಿಗೆ ಬರುವುದು ಯಾರು? ‘ಚ್ಯೂ ಅಂಗಡೀಲೇ ಇರ್ಲಾ?’ ಎರಡೂ ಬೋರಲು, ಆಗದು. ಅಜ್ಜಿ ಬಹಳ ಹೊತ್ತು ತುಂಡುಗಳನ್ನು ಕೈಯಲ್ಲಿ ಹಿಡಿದು ಕೂತರು. ಆಮೇಲೆ, ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದವರ ಕಡೆಗೆ ನೋಡದೆಯೇ, “ಈ ಹುಡುಗಿ ಹತ್ರ?” ಅಂದರು.

ಒಂದು ಅಂಗಾತ, ಒಂದು ಬೋರಲು. ಎರಡನೇ ಸಲವೂ ಹಾಗೇ. ಮೂರನೇ ಸಲ ಎಸೆದಾಗ ತುಂಡುಗಳು ಉರುಳಿಕೊಂಡು ಪೀಠದ ಕೆಳಗೆ, ಹಿಂದಿನ ಮೂಲೆಗೆ ಹೋಗಿಬಿಟ್ಟವು. ಕೈ ಹಾಕಿ ತೆಗೆಯುವ ಹಾಗಿಲ್ಲ, ಬಿದ್ದ ಜಾಗದಲ್ಲೇ ನೋಡಬೇಕು. ಅಜ್ಜಿಯ ಮಂಡಿ ಮಡಚುವುದಿಲ್ಲ. ಪಾವ್-ಚು ಅವರ ಕತ್ತು ಬಗ್ಗುವುದಿಲ್ಲ.

ವಾರ್ಸಿನಿ ನೆಲಕ್ಕೆ ಕೆನ್ನೆ ಹಚ್ಚಿ ಇಣುಕಿದರು. ಅವರ ದೇವರು ಬೇರೆ, ಆದರೂ ತುಂಡುಗಳು ಏನು ಹೇಳುತ್ತವೆಂದು ಇಷ್ಟು ವರ್ಷದಲ್ಲಿ ಅವರಿಗೂ ಗೊತ್ತು. ಮೂಲೆಯತ್ತ ಇನ್ನಷ್ಟು ತೆವಳಿ ನೋಡಿದರು.

“ಏನಂತೆ?” ಅಜ್ಜಿ ಕೇಳಿದರು.

“ಒಂದು ಅಂಗಾತ ಇದೆ ಅಜ್ಜಿ. ಒಂದು ಬೋರಲು.” ಆಮೇಲೆ ತಲೆಯೆತ್ತದೆ, “ಬೇಕಾದ್ರೆ ಯಾರನ್ನಾದ್ರೂ ಕರೆದು ತೋರಿಸಿ. ಕೆಳಗಿಂದ ಚ್ಯೂ ಅಣ್ಣನ್ನ ಕರೀಲಾ?” ಅಂದರು.

ಅಜ್ಜಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದರು.

“ಯಾಕೆ? ನೀನು ನೋಡಿದೀಯಲ್ಲ,” ಅಂದರು ಅಜ್ಜಿ. “ನೀನು ಹೇಳಿದ್ರೆ ಮುಗೀತು. ಪಾವ್-ಚು, ಕೀ ಅವಳಿಗೆ ಕೊಡು.”

ಪೀಠದ ಕೆಳಗೆ ನಿಜವಾಗಿ ಏನು ಬಿದ್ದಿತ್ತು ಎಂದು ಪಾವ್-ಚು ಅವರನ್ನು ಕೇಳಿದರೆ, “ನಂಗೇನು ಗೊತ್ತು, ನನ್ನ ಕತ್ತು ಬಗ್ಗಲ್ಲ,” ಎಂದು ಮಾತು ಮುಗಿಸುತ್ತಾರೆ.

ಈಗ ಮತ್ತೆ ಬೆಳಗಿನ ಓಣಿ. ಮೂರನೇ ಮಹಡಿಯ ಗೂಡಿನಲ್ಲಿ ವಾರ್ಸಿನಿ ಕೊರಳಿನ ದಾರದಿಂದ ಬೀಗದಕೈ ತೆಗೆದು, ಬೀಗ ಬಿಚ್ಚಿ, ಕಿಂಡಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸುತ್ತಾರೆ. ಕೈಗೆ ರೂಢಿಯಾಗಲಿ ಎಂದು ಪಾವ್-ಚು ಹೇಳಿಕೊಟ್ಟ ಅಭ್ಯಾಸ ಇದು. ಒಳಗಿನಿಂದ ಅಜ್ಜಿಯ ದನಿ ಬರುತ್ತದೆ: “ಸಾಕು ಮುಚ್ಚೇ, ಸೊಳ್ಳೆ ಬರ್ತಾವೆ! ಆ ಕೆಳಗಿರೋಳಿಗೆ ಬೇರೆ ಕೆಲಸ ಇಲ್ಲ.”

ಅಜ್ಜಿಯನ್ನು ನೋಡಿ ಇನ್ನೂ ಕೆಲವರು ಬೀಗದಕೈ ಮನೆಗೆ ಒಯ್ದಿದ್ದಾರೆ. ಎಲ್ಲರೂ ಅಲ್ಲ. ನಾಲ್ಕನೇ ಮಹಡಿ ಮೇಷ್ಟ್ರದು ಇನ್ನೂ ಹೋಗಿ ಬಂದು ಮಾಡುತ್ತಿದೆ. ಪಾವ್-ಚು ಅಂಗಿಯನ್ನು ವಾಪಸ್ ಕೊಟ್ಟಿಲ್ಲ, ಲಾಯ್ ಕೇಳಿಯೂ ಇಲ್ಲ. ಆಯಾಸ ಕಡಿಮೆಯಾಗಿದೆಯೇ ಎಂದರೆ ಇಲ್ಲ ಅನ್ನುತ್ತಾರೆ, ಮಂಡಿಗೆ ಇದೆಲ್ಲ ಅರ್ಥವಾಗುವುದಿಲ್ಲವಂತೆ. ಚ್ಯೂ ಅಂಗಡಿಯಲ್ಲಿ ಸಕ್ಕರೆಯಿಲ್ಲದ ಹಾಲಿನ ಲೋಟ ಎರಡೂ ಕೈಯಲ್ಲಿ ಹಿಡಿದು, ಖಾಲಿಯಾದ ಮೊಳೆಗಳನ್ನೂ ಆಗದವನ್ನೂ ನೋಡುತ್ತಾರೆ.

“ಈ ಮೊಳೆಗಳಿಗೆಲ್ಲ ಚ್ಯೂ ಸೌಟು ನೇತು ಹಾಕೋ ಹಾಗಾಗ್ಲಿ, ಅಷ್ಟೇ ನನ್ನ ಆಸೆ,” ಅನ್ನುತ್ತಾರೆ. “ಆಮೇಲೆ ಡಾಕ್ಟರು ಹೇಳಿದ ಹಾಗೆ ಪಟ್ಟಿ ಕಟ್ಕೊಂಡು, ನೇರ ನೋಡ್ಕೊಂಡು ಓಡಾಡ್ತೀನಿ. ಮೇಲೆ ನೋಡೋದು ಏನೂ ಉಳಿದಿರಲ್ಲ.”

ಹೇಳಿ, ಜೇಬಿನಿಂದ ಪಟ್ಟಿ ತೆಗೆದು ಕಟ್ಟಿಕೊಳ್ಳುತ್ತಾರೆ. ಗೋಡೆಯ ಕಡೆಗೆ ತಿರುಗಲು ಈಗ ಇಡೀ ಮೈ ತಿರುಗಿಸಬೇಕು. ತಿರುಗಿಸಿ, ಮೇಷ್ಟ್ರ ಮನೆಯ ಬೀಗದಕೈ ತೆಗೆದುಕೊಂಡು ಮೆಟ್ಟಿಲ ಕಡೆಗೆ ನಡೆಯುತ್ತಾರೆ.